ಹಳೆ ಡೀಸೆಲ್ ಕಾರಿನ ಮೈಲೇಜ್ ಬಿದ್ದಿದೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ನನ್ನದು 14 ವರ್ಷದ ಡೀಸೆಲ್ ಕಾರು. ಮೊದಲು ಲೀಟರಿಗೆ 18 ಕಿಲೋಮೀಟರ್ ಕೊಡುತ್ತಿತ್ತು, ಈಗ 13 ದಾಟುತ್ತಿಲ್ಲ. ಆಯಿಲ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎಲ್ಲ ಹೊಸದು. ಹೊಗೆಯೂ ಜಾಸ್ತಿ ಇಲ್ಲ. ಆದರೆ ಟೆಂಪರೇಚರ್ ಮುಳ್ಳು ಅರ್ಧಕ್ಕೆ ಬರುವುದೇ ಇಲ್ಲ. ಕಾರು ಮಾರಲು ಮನಸ್ಸಿಲ್ಲ, ಏನು ಮಾಡಲಿ?

ಉತ್ತರ 1:
ಮುಳ್ಳಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ನನಗೆ ಥರ್ಮೋಸ್ಟಾಟ್ ಮೇಲೇ ಅನುಮಾನ, ಅಂದರೆ ಇಂಜಿನ್ ಬಿಸಿಯಾಗುವವರೆಗೆ ಕೂಲಂಟ್ (ಇಂಜಿನ್ ತಂಪು ಮಾಡುವ ದ್ರವ) ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್. ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಕೂಲಂಟ್ ಸದಾ ರೇಡಿಯೇಟರಿಗೆ ಹೋಗುತ್ತಲೇ ಇರುತ್ತದೆ, ಇಂಜಿನ್ ತನ್ನ ಸರಿಯಾದ ಬಿಸಿಗೆ, ಅಂದರೆ ಹೆಚ್ಚುಕಡಿಮೆ 90 ಡಿಗ್ರಿಗೆ ಬರುವುದೇ ಇಲ್ಲ, ಆಯಿಲ್ ದಪ್ಪಗೇ ಉಳಿಯುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ. ಸಣ್ಣ ಭಾಗ, ಮೊದಲು ಅದನ್ನು ನೋಡಿ. ಸುಮ್ನೆ ಇಂಜೆಕ್ಟರ್ (ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಬಿಚ್ಚಿಸಬೇಡಿ.

ಉತ್ತರ 2:
ಬ್ರೇಕ್ ಕೂಡ ನೋಡಿ. 20 ಕಿಲೋಮೀಟರ್ ಓಡಿಸಿ, ಬ್ರೇಕ್ ಜೋರಾಗಿ ಒತ್ತದೆ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಕೈ ಒಡ್ಡಿ. ಮುಟ್ಟಬೇಡಿ, ಸುಡುತ್ತದೆ. ಒಂದು ಚಕ್ರ ಮಾತ್ರ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ನನ್ನ ಕಾರಲ್ಲಿ ಹೀಗೇ ಆಗಿತ್ತು, ತಿಂಗಳುಗಟ್ಟಲೆ ಗೊತ್ತೇ ಆಗಲಿಲ್ಲ. ಟೈರ್ ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಅಳೆಯಿರಿ.

ಉತ್ತರ 3:
ಮೈಲೇಜ್ ಹೇಗೆ ಲೆಕ್ಕ ಹಾಕಿದಿರಿ? ಮೀಟರ್ ತೋರಿಸುವುದನ್ನು ನಂಬಬೇಡಿ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿ, 3 ಸಲವಾದರೂ. ಇಳಿಜಾರಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸ ಇದ್ದರೆ ಬಿಡಿ, ಗೇರಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರ್ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಇಂಜಿನ್ ತಿರುಗಲು ಡೀಸೆಲ್ ಬೇಕೇ ಬೇಕು ಅಲ್ವಾ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ನಾಳೆಯೇ ಥರ್ಮೋಸ್ಟಾಟ್ ನೋಡಿಸುತ್ತೇನೆ.