ಮನೆ ತಗೊಳ್ಳೋಕೆ ನಮ್ಮದೇ ಲಾಯರ್ ಬೇಕಾ, ಬ್ಯಾಂಕ್ ಲಾಯರ್ ನೋಡಿದ್ರೆ ಸಾಲಲ್ವಾ?

ಹೊಸಹೊಸಿಲು:

ಎಲ್ರಿಗೂ ನಮಸ್ಕಾರ. ಈಗಿರೋ ಫ್ಲ್ಯಾಟ್ ಮಾರಿ ಸ್ವಲ್ಪ ದೊಡ್ಡ ಮನೆ ತಗೊಳ್ಳೋಣ ಅಂತ ಇದೀವಿ. ಮನೆ ನೋಡಿ ಆಯ್ತು, ರೇಟೂ ಹೆಚ್ಚುಕಮ್ಮಿ ಕುದುರಿದೆ, ಮಾರೋರು ಬೇಗ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡ್ಕೊಳ್ಳಿ ಅಂತಿದಾರೆ. ಬ್ರೋಕರ್ ಹೇಳೋದು ಅವರಿಗೆ ಗೊತ್ತಿರೋ ಲಾಯರ್ ಒಬ್ರು ಇದಾರಂತೆ, ಎರಡೂ ಪಾರ್ಟಿಗೂ ಅವರೇ ಪೇಪರ್ ಮಾಡ್ಕೊಡ್ತಾರಂತೆ, ಫೀಸು ಅರ್ಧರ್ಧ. ನಮ್ಮ ಮನೆಯವರು ಹೇಳೋದು ಇನ್ನೊಂದು: ಹೇಗಿದ್ರೂ ಲೋನ್ ತಗೊಳ್ತೀವಲ್ಲ, ಬ್ಯಾಂಕ್ ಲಾಯರ್ ಎಲ್ಲಾ ನೋಡೇ ನೋಡ್ತಾರೆ, ಮತ್ತೊಬ್ರಿಗೆ ಯಾಕೆ ದುಡ್ಡು ಕೊಡ್ಬೇಕು ಅಂತ. ನನಗ್ಯಾಕೋ ಎರಡೂ ಸಮಾಧಾನ ಆಗ್ತಿಲ್ಲ, ಜೀವನದಲ್ಲಿ ಇಷ್ಟು ದೊಡ್ಡ ದುಡ್ಡು ಒಂದೇ ಸಲ ಕೈಬಿಡ್ತಿರೋದು ಇದೇ ಮೊದಲು. ನಮ್ಮದೇ ಲಾಯರ್ ಇಟ್ಕೊಳ್ಳಬೇಕಾ? ಇಟ್ಕೊಂಡ್ರೆ ಯಾವಾಗ, ಅಡ್ವಾನ್ಸ್ ಕೊಟ್ಮೇಲೆ ಆದ್ರೂ ನಡಿಯುತ್ತಾ? ನಮ್ಮ ಫ್ಲ್ಯಾಟ್ ಮಾರೋ ಕಡೆಗೂ ಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ಚಕ್ಕುಬಂದಿ:

ಮೇಡಂ ಅಥವಾ ಸರ್, ಮೊದಲನೇ ಮಾತು, ಅಡ್ವಾನ್ಸ್ ಕೊಡೋಕೆ ಮುಂಚೆನೇ ಲಾಯರ್ ಹಿಡೀರಿ, ಆಮೇಲೆ ಅಲ್ಲ. ತುಂಬ ಜನ ಅಗ್ರಿಮೆಂಟ್ ಅನ್ನೋದು ಬರೀ ಒಂದು ಚೀಟಿ, ನಿಜವಾದ ಕೆಲಸ ಎಲ್ಲ ರಿಜಿಸ್ಟ್ರೇಷನ್ ದಿನ ಅಂದ್ಕೊಂಡಿರ್ತಾರೆ. ಅದು ಉಲ್ಟಾ. ಲೋನ್ ಸಿಗದೇ ಹೋದ್ರೆ ಅಡ್ವಾನ್ಸ್ ವಾಪಸ್ ಬರುತ್ತಾ, ಮಾರೋರು ಮನಸ್ಸು ಬದಲಾಯಿಸಿದ್ರೆ ಏನು, ಮನೆ ಯಾವತ್ತು ಖಾಲಿ ಮಾಡ್ಕೊಡ್ತಾರೆ, ಪೇಪರಲ್ಲಿ ಏನಾದ್ರೂ ದೋಷ ಸಿಕ್ಕಿದ್ರೆ ನೀವು ಹಿಂದೆ ಸರೀಬಹುದಾ, ಇದೆಲ್ಲ ತೀರ್ಮಾನ ಆಗೋದು ಆ ಅಗ್ರಿಮೆಂಟಲ್ಲೇ. ಸೈನ್ ಹಾಕಿದ ಮೇಲೆ ಲಾಯರ್ ಹತ್ರ ಹೋದ್ರೆ ಅವರು ಏನು ಬರ್ದಿದೆಯೋ ಅದನ್ನ ಓದಿ ಹೇಳ್ತಾರೆ ಅಷ್ಟೇ, ಬದಲಾಯಿಸೋಕೆ ಎದುರು ಪಾರ್ಟಿ ಒಪ್ಪಬೇಕಲ್ವಾ.

ಇನ್ನು ಬ್ಯಾಂಕ್ ಲಾಯರ್ ವಿಷ್ಯ. ಅವರು ಪೇಪರ್ ನೋಡ್ತಾರೆ ನಿಜ, ಚೆನ್ನಾಗೇ ನೋಡ್ತಾರೆ, ಆದ್ರೆ ಅವರ ಕಕ್ಷಿದಾರ ಬ್ಯಾಂಕು, ನೀವಲ್ಲ. ಅವರು ಮನಸ್ಸಲ್ಲಿ ಇಟ್ಕೊಂಡಿರೋ ಪ್ರಶ್ನೆ ಒಂದೇ, ಇವರು ಸಾಲ ಕಟ್ಟದಿದ್ರೆ ಈ ಮನೆ ಮಾರಿ ನಮ್ಮ ದುಡ್ಡು ವಸೂಲಿ ಆಗುತ್ತಾ ಅಂತ. ಬ್ಯಾಂಕು ಸಾಮಾನ್ಯವಾಗಿ ಪೂರ್ತಿ ಬೆಲೆಗೆ ಸಾಲ ಕೊಡಲ್ಲ, ಉಳಿದಿದ್ದು ನಿಮ್ಮ ಕೈಯಿಂದ ಹೋಗುತ್ತೆ. ಹಾಗಾಗಿ ಮನೆಗೆ ಏನೋ ಕೊರತೆ ಇದ್ದು ಬೆಲೆ ಇಳಿದ್ರೆ ಮೊದಲು ಕರಗೋದು ನಿಮ್ಮ ಪಾಲು, ಬ್ಯಾಂಕಿನ ಪಾಲು ಆಮೇಲೆ. ಪಕ್ಕದವರಿಗೆ ನಿಮ್ಮ ಹಿತ್ತಲಲ್ಲಿ ಓಡಾಡೋ ಹಕ್ಕಿದೆ, ಕಾಂಪೌಂಡ್ ಗೋಡೆ ಚಕ್ಕುಬಂದಿಗಿಂತ ಆಚೆ ಹೋಗಿದೆ, ಮೇಲಿನ ರೂಮಿಗೆ ಪ್ಲ್ಯಾನ್ ಅನುಮತಿ ಇಲ್ಲ, ಇಂಥವು ಎಷ್ಟೋ ಸಲ ಬ್ಯಾಂಕಿಗೆ ದೊಡ್ಡ ವಿಷ್ಯ ಅಲ್ಲ, ಆದ್ರೆ ಆ ಮನೇಲಿ ಬಾಳೋರಿಗೆ ಬಹಳ ದೊಡ್ಡದು. ಜೊತೆಗೆ ಅವರ ರಿಪೋರ್ಟ್ ನಿಮ್ಮ ಕೈಗೆ ಬರುತ್ತೆ ಅನ್ನೋ ಗ್ಯಾರಂಟಿನೂ ಇಲ್ಲ.

ಬ್ರೋಕರ್ ತೋರಿಸಿದ ಲಾಯರ್ ಒಳ್ಳೆಯವರೇ ಇರಬಹುದು, ನಾನು ಅವರನ್ನ ಅನುಮಾನಿಸ್ತಿಲ್ಲ. ಆದ್ರೆ ಬ್ರೋಕರಿಗೆ ಕಮಿಷನ್ ಬರೋದು ವ್ಯಾಪಾರ ಮುಗಿದಾಗ. ನಿಮ್ಮ ಲಾಯರ್ ಬೇಕಾದ್ರೆ "ಈ ಮನೆ ಬೇಡ, ಬಿಡಿ" ಅಂತ ಹೇಳೋ ಸ್ಥಿತೀಲಿ ಇರ್ಬೇಕು. ಎರಡೂ ಕಡೆಯಿಂದ ಫೀಸು ತಗೊಂಡವರು ಅದನ್ನ ಹೇಗೆ ಹೇಳ್ತಾರೆ? ನಾಳೆ ನಿಮಗೂ ಮಾರೋರಿಗೂ ಜಗಳ ಬಂದ್ರೆ ಅವರು ಯಾರ ಪರ ನಿಲ್ತಾರೆ?

ಅಂಗಳದಲ್ಲಿ:

ಮೇಲೆ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಮಾರೋ ಕಡೆ ಬಗ್ಗೆ ಯಾರೂ ಹೇಳಿಲ್ಲ ಅಂತ ಬರೀತಿದೀನಿ, ಅಲ್ಲೂ ಬೇಕು, ಮಾರೋನಿಗೆ ದುಡ್ಡು ಬರೋದು ತಾನೆ ಅವನಿಗೇನು ರಿಸ್ಕು ಅನ್ನೋ ಮಾತು ಸರಿಯಲ್ಲ. ನಾವು ಅಪ್ಪನ ಮನೆ ಮಾರಿದಾಗ ಕೆಲಸ ಜಾಸ್ತಿ ಆಗಿದ್ದೇ ನಮ್ಮ ಕಡೆ. ಹಳೇ ಸಾಲ ತೀರಿತ್ತು ಆದ್ರೆ ಅಡಮಾನ ದಾಖಲೆಯಿಂದ ತೆಗೆಸಿರಲಿಲ್ಲ, ಸಾಲ ತೀರೋದು ಬೇರೆ ದಾಖಲೆಯಲ್ಲಿ ಋಣಭಾರ ಹೋಗೋದು ಬೇರೆ. ವಾರಸುದಾರರೆಲ್ಲರ ಸಹಿ ಬೇಕಿತ್ತು, ಅದರಲ್ಲಿ ತಂಗಿ ದೂರ ಇದ್ದಿದ್ರಿಂದ ಪವರ್ ಆಫ್ ಅಟಾರ್ನಿ, ಅಂದ್ರೆ ಅವಳ ಪರ ಬೇರೆಯವರು ಸಹಿ ಹಾಕೋಕೆ ಅಧಿಕಾರಪತ್ರ, ಮಾಡಿಸ್ಬೇಕಾಯ್ತು. ನಮ್ಮ ವಕೀಲರು ಗಿರಾಕಿ ಬರೋಕೆ ಮುಂಚೆನೇ ಇದೆಲ್ಲ ಕೇಳಿ ಸರಿ ಮಾಡಿಸಿದ್ರು, ಅದಕ್ಕೇ ತಗೊಳ್ಳೋರ ಲಾಯರ್ ಪ್ರಶ್ನೆ ಕಳಿಸಿದಾಗ ಉತ್ತರ ರೆಡಿ ಇತ್ತು, ರೇಟ್ ಇಳಿಸೋಕೆ ಅವರಿಗೆ ನೆಪ ಸಿಗಲಿಲ್ಲ. ಪೂರ್ತಿ ದುಡ್ಡು ಅಕೌಂಟಿಗೆ ಬರೋವರೆಗೂ ಕೀ ಕೊಡ್ಬೇಡಿ ಅಂತಾನೂ ಅವರೇ ಗಟ್ಟಿಯಾಗಿ ಹೇಳಿದ್ದು. ಮಾರಿದ ಲಾಭಕ್ಕೆ ಟ್ಯಾಕ್ಸ್ ಬೀಳುತ್ತಾ ಅನ್ನೋದನ್ನೂ ಮೊದಲೇ ಕೇಳ್ಕೊಳ್ಳಿ, ಅದಕ್ಕೆ ಲಾಯರ್ ಜೊತೆ ಆಡಿಟರ್ ಕೂಡ ಬೇಕಾಗಬಹುದು.

ಒಂದು ಮುಖ್ಯವಾದ್ದು, ನೀವು ಮಾರೋದು ತಗೊಳ್ಳೋದು ಎರಡೂ ಒಟ್ಟಿಗೆ ಮಾಡ್ತಿದೀರ. ಫ್ಲ್ಯಾಟ್ ದುಡ್ಡು ಬರೋ ತಾರೀಕು ತಡ ಆದ್ರೆ ಹೊಸ ಮನೆ ಅಗ್ರಿಮೆಂಟ್ ಗಡುವು ಮೀರುತ್ತೆ. ಎರಡಕ್ಕೂ ನಿಮ್ಮ ಕಡೆಯಿಂದ ಒಬ್ಬರೇ ಲಾಯರ್ ಇದ್ರೆ ತಾರೀಕು ಹೊಂದಿಸೋಕೆ ಸುಲಭ.

ದೂರದೂರು:

ನಾನು ಹೊರದೇಶದಲ್ಲಿರೋದು, ಇಲ್ಲಿ ಓದೋರು ಬೇರೆ ಬೇರೆ ಕಡೆ ಇರ್ತಾರಲ್ಲ ಅಂತ ಒಂದು ಸೇರಿಸ್ತೀನಿ. ಲಾಯರ್ ಏನು ಮಾಡ್ತಾರೆ ಅನ್ನೋದು ದೇಶದಿಂದ ದೇಶಕ್ಕೆ ಬಹಳ ಬದಲಾಗುತ್ತೆ. ಜರ್ಮನಿ ಫ್ರಾನ್ಸಲ್ಲಿ ಮನೆ ವ್ಯಾಪಾರಕ್ಕೆ ನೋಟರಿ ಇರಲೇಬೇಕು, ಜರ್ಮನಿಯಲ್ಲಿ ಅವರು ಇಬ್ಬರಿಗೂ ಸಮಾನ ದೂರದಲ್ಲಿರೋರು, ಪತ್ರ ಕಾನೂನು ಪ್ರಕಾರ ಇದೆಯಾ ನೋಡ್ತಾರೆ, ವಿವರಿಸ್ತಾರೆ, ಆದ್ರೆ ಈ ಷರತ್ತು ನಿಮಗೆ ಲಾಭನಾ ಅಂತ ನಿಮ್ಮ ಪರ ವಾದ ಮಾಡಲ್ಲ. ಇಂಗ್ಲೆಂಡಲ್ಲಿ ಸಾಲಿಸಿಟರ್ ಅಲ್ಲದೆ ಈ ಕೆಲಸಕ್ಕೇ ಲೈಸೆನ್ಸ್ ಇರೋ ಕನ್ವೇಯನ್ಸರ್‌ಗಳೂ ಇದಾರೆ. ಅಮೆರಿಕದಲ್ಲಿ ಕೆಲವು ರಾಜ್ಯಗಳಲ್ಲಿ ಅಟಾರ್ನಿ ಬೇಕು, ಎಷ್ಟೋ ಕಡೆ ಟೈಟಲ್ (ಅಂದ್ರೆ ಆಸ್ತಿ ಮಾಲೀಕತ್ವ) ಪರಿಶೀಲಿಸೋ ಟೈಟಲ್ ಕಂಪನಿಯೇ ಮುಗಿಸುತ್ತೆ, ಮಾಲೀಕತ್ವದಲ್ಲಿ ದೋಷ ಬಂದ್ರೆ ನಷ್ಟ ತುಂಬಿಕೊಡೋ ಟೈಟಲ್ ಇನ್ಶೂರೆನ್ಸ್ ತಗೊಳ್ತಾರೆ, ಅದರಲ್ಲೂ ಬ್ಯಾಂಕಿಗೆ ಬೇರೆ ಪಾಲಿಸಿ, ಮಾಲೀಕರಿಗೆ ಬೇರೆ. ಬ್ಯಾಂಕಿನ ಪಾಲಿಸಿ ನಿಮ್ಮನ್ನ ಕಾಪಾಡಲ್ಲ, ನಿಮ್ಮ ಲಾಯರ್ ಪ್ರಶ್ನೆಗೂ ಇದೇ ತರ್ಕ.

ಇನ್ನೊಂದು ವ್ಯತ್ಯಾಸ ತಿಳ್ಕೊಳ್ಳಿ. ಆಸ್ಟ್ರೇಲಿಯಾದಲ್ಲಿ 1858ರಲ್ಲಿ ಶುರುವಾದ ಟಾರೆನ್ಸ್ ಪದ್ಧತಿಯಲ್ಲಿ ಸರ್ಕಾರಿ ರಿಜಿಸ್ಟರಲ್ಲಿ ಯಾರ ಹೆಸರಿದೆಯೋ ಬಹುಪಾಲು ಅವರೇ ಮಾಲೀಕರು. ಭಾರತದ ಥರ ಪತ್ರ ರಿಜಿಸ್ಟರ್ ಆಗೋ ಪದ್ಧತಿಯಲ್ಲಿ ಹಾಗಲ್ಲ, ಅಲ್ಲಿ ಪತ್ರ ದಾಖಲಾಗಿದೆ ಅಂದ್ರೆ ದಾಖಲಾಗಿದೆ ಅಷ್ಟೇ, ಕೊಟ್ಟವನಿಗೆ ಕೊಡೋ ಹಕ್ಕಿತ್ತು ಅನ್ನೋದಕ್ಕೆ ಅದೇ ಸಾಕ್ಷಿ ಅಲ್ಲ. ಅಂಥ ಕಡೆ ಮೂಲಪತ್ರದಿಂದ ಕೊಂಡಿ ಕೊಂಡಿಯಾಗಿ ಇವತ್ತಿನವರೆಗೂ ಯಾರಿಂದ ಯಾರಿಗೆ ಬಂತು ಅಂತ ಕೂತು ಓದೋ ಲಾಯರೇ ಬೇಕು.

ಹೊಸಹೊಸಿಲು:

ಎಲ್ರಿಗೂ ತುಂಬ ಥ್ಯಾಂಕ್ಸ್, ಮನೆಯವರಿಗೂ ಓದಿಸಿದೆ, ಬ್ಯಾಂಕಿನ ಪಾಲು ಆಮೇಲೆ ಕರಗುತ್ತೆ ಅನ್ನೋದು ಓದಿ ಅವರೂ ಒಪ್ಪಿದ್ರು. ಮಾರೋರಿಗೆ ಲಾಯರ್ ನೋಡಿದ ಮೇಲೆನೇ ಅಡ್ವಾನ್ಸ್ ಅಂತ ಹೇಳಿದೀವಿ, ಸ್ವಲ್ಪ ಮುಖ ಸಣ್ಣ ಮಾಡ್ಕೊಂಡ್ರು, ಪರವಾಗಿಲ್ಲ. ಈಗ ಕೊನೇ ಪ್ರಶ್ನೆ, ಲಾಯರ್ ಹತ್ರ ಮೊದಲ ಸಲ ಹೋದಾಗ ಏನು ಕೇಳ್ಬೇಕು? ಫೀಸು ಹೇಗೆ ಮಾತಾಡೋದು?

ಚಕ್ಕುಬಂದಿ:

ಮುಖ ಸಣ್ಣ ಮಾಡ್ಕೊಳ್ಳಲಿ ಬಿಡಿ, ಪೇಪರ್ ಸರಿ ಇರೋರಿಗೆ ಲಾಯರ್ ನೋಡಿದ್ರೆ ನಷ್ಟ ಏನೂ ಇಲ್ಲ.

ಮೊದಲು ಕೇಳ್ಬೇಕಾಗಿದ್ದು ನೀವು ದಿನಾ ಆಸ್ತಿ ಕೆಲಸವೇ ಮಾಡ್ತೀರಾ ಅಂತ, ಯಾಕಂದ್ರೆ ಕ್ರಿಮಿನಲ್ ಕೇಸಲ್ಲಿ ಹೆಸರು ಮಾಡಿದವರು ಟೈಟಲ್ ಓದೋದ್ರಲ್ಲಿ ಪಳಗಿರಬೇಕು ಅಂತೇನಿಲ್ಲ. ಪೇಪರ್ ಓದೋದು ನೀವೇನಾ ಜೂನಿಯರ್ಸಾ, ಮಾರೋರಿಗಾಗ್ಲಿ ಬ್ರೋಕರಿಗಾಗ್ಲಿ ಈ ಮುಂಚೆ ಕೆಲಸ ಮಾಡಿದೀರಾ, ಇದನ್ನ ಸಂಕೋಚ ಇಲ್ಲದೆ ಕೇಳಿ. ಫೀಸು ಒಂದೇ ಮೊತ್ತಾನಾ, ಗಂಟೆ ಲೆಕ್ಕಾನಾ, ಆಸ್ತಿ ಬೆಲೆ ಮೇಲೆ ಪರ್ಸೆಂಟಾ ತಿಳ್ಕೊಳ್ಳಿ, ಸಾಧ್ಯ ಆದ್ರೆ ಒಂದೇ ಮೊತ್ತಕ್ಕೆ ಒಪ್ಪಿಸಿ. ಅದಕ್ಕಿಂತ ಮುಖ್ಯ ಅದರಲ್ಲಿ ಏನು ಸೇರಿಲ್ಲ ಅನ್ನೋದು, ಸರ್ಕಾರಿ ಶುಲ್ಕ ಬೇರೆನಾ, ಅಗ್ರಿಮೆಂಟ್ ತಿದ್ದೋದು ಬೇರೆನಾ, ವ್ಯಾಪಾರ ಮಧ್ಯದಲ್ಲಿ ಮುರಿದ್ರೆ ಎಷ್ಟು ಕೊಡ್ಬೇಕು. ಇಷ್ಟೂ ಬರಹದಲ್ಲಿ ತಗೊಳ್ಳಿ. ಅಭಿಪ್ರಾಯನೂ ಬಾಯಲ್ಲಿ "ಎಲ್ಲಾ ಕ್ಲಿಯರ್ ಇದೆ" ಅಂದ್ರೆ ಒಪ್ಪಬೇಡಿ, ಯಾವ ಯಾವ ಪತ್ರ ನೋಡಿದ್ರು, ಯಾವುದು ಸಿಗಲಿಲ್ಲ, ಏನು ಅನುಮಾನ ಇದೆ ಅಂತ ಸಹಿ ಹಾಕಿ ಕೊಡಲಿ. ಜಾಗಕ್ಕೆ ನೀವೂ ಹೋಗಿ ನೋಡಿ, ಅಲ್ಲಿ ಯಾರು ವಾಸ ಇದಾರೆ ಅನ್ನೋದು ಪೇಪರಲ್ಲಿ ಕಾಣಲ್ಲ, ಬಾಡಿಗೆದಾರರಿದ್ರೆ ಅದನ್ನ ಲಾಯರಿಗೆ ತಿಳಿಸಿ. ಮಾರೋರ ಪರ ಪವರ್ ಆಫ್ ಅಟಾರ್ನಿ ಹಿಡಿದು ಯಾರಾದ್ರೂ ಬಂದ್ರೆ ಬರೆದುಕೊಟ್ಟವರು ಬದುಕಿದಾರಾ, ಅದನ್ನ ರದ್ದು ಮಾಡಿಲ್ವಾ ಅಂತ ಖಾತ್ರಿ ಮಾಡಿಸಿ, ಸಾಮಾನ್ಯವಾಗಿ ಬರೆದುಕೊಟ್ಟವರು ತೀರಿಕೊಂಡ್ರೆ ಅದಕ್ಕೆ ಬೆಲೆ ಇರಲ್ಲ.

ಅಂಗಳದಲ್ಲಿ:

ಒಂದೇ ಒಂದು ಸೇರಿಸ್ತೀನಿ. ದುಡ್ಡು ಕಳಿಸೋ ಹೊತ್ತಲ್ಲಿ ಲಾಯರ್ ಹೆಸರಲ್ಲೋ ಮಾರೋರ ಹೆಸರಲ್ಲೋ "ಅಕೌಂಟ್ ನಂಬರ್ ಬದಲಾಗಿದೆ" ಅಂತ ಮೇಲ್ ಬಂದ್ರೆ ನಂಬಬೇಡಿ, ಈ ಥರ ಮೋಸ ಎಷ್ಟೋ ದೇಶಗಳಲ್ಲಿ ನಡೀತಿದೆ. ಮೇಲಲ್ಲಿರೋ ನಂಬರಿಗೆ ಫೋನ್ ಮಾಡ್ಬೇಡಿ, ಮೊದಲ ದಿನ ಆಫೀಸಲ್ಲಿ ಅವರೇ ಕೊಟ್ಟ ನಂಬರಿಗೆ ಮಾಡಿ, ಅಕೌಂಟ್ ನಂಬರ್ ಬಾಯಲ್ಲಿ ಓದಿಸ್ಕೊಂಡು ಆಮೇಲೆ ಕಳಿಸಿ.