ಸಹಾಯ ಬೇಕು: ಸಾಗರ, ಹೊಸನಗರ ಕಡೆಯ ಆಡುಮಾತು ಗೊತ್ತಿರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಶರಾವತಿ ಮುಳುಗಡೆ, ಅಂದರೆ ನದಿಗೆ ಅಣೆಕಟ್ಟು ಕಟ್ಟಿದಾಗ ಊರುಗಳು ಮುಳುಗಿದ್ದರ ಬಗ್ಗೆ ನಾನು ಬರೆದ ಮೊದಲ ಕಾದಂಬರಿಯನ್ನು ಒಂದು ಸ್ಪರ್ಧೆಗೆ ಕಳಿಸಿದ್ದೆ. ಬಹುಮಾನ ಬರಲಿಲ್ಲ. ಆದರೆ ಇಬ್ಬರು ತೀರ್ಪುಗಾರರು ಅಭಿಪ್ರಾಯ ಬರೆದು ಕಳಿಸಿದ್ದಾರೆ. ಅಷ್ಟು ಗಮನವಿಟ್ಟು ಓದಿದ್ದಾರಲ್ಲ, ಅದೇ ದೊಡ್ಡ ಖುಷಿ.

ಒಬ್ಬರಿಗೆ ಮೊದಲ 60 ಪುಟ ಜಾಸ್ತಿ ಅನ್ನಿಸಿದೆ. ಇನ್ನೊಬ್ಬರಿಗೆ ಅದೇ ಭಾಗ ತುಂಬಾ ಇಷ್ಟ. ಅಡಿಕೆ ಕೊಯ್ಲು, ರಾತ್ರಿಯೆಲ್ಲ ಅಡಿಕೆ ಸುಲಿಯುತ್ತಾ ನಡೆಯುವ ಮಾತುಕತೆ ಎಲ್ಲ ಅಲ್ಲೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲಿನ ಊರು ಕಣ್ಣಿಗೆ ಕಟ್ಟದಿದ್ದರೆ, ಅದು ಮುಳುಗಿದ ನೋವು ಓದುಗರಿಗೆ ಹೇಗೆ ತಟ್ಟಬೇಕು, ಅಲ್ವಾ? ಹಾಗಾಗಿ ಸ್ವಲ್ಪ ಕತ್ತರಿಸುತ್ತೇನೆ, ಪೂರ್ತಿ ತೆಗೆಯುವುದಿಲ್ಲ.

ಇಬ್ಬರೂ ಹೇಳಿದ್ದು ಒಂದೇ ಮಾತು: ಕಾದಂಬರಿಯಲ್ಲಿ ಬರುವ ಅಜ್ಜಿ ಪುಸ್ತಕದ ಭಾಷೆ ಆಡುತ್ತಾಳೆ. ಅದು ನಿಜ. ನಾನು ಬೆಳೆದದ್ದು ಬೆಂಗಳೂರಿನಲ್ಲಿ. ಆ ಕಡೆಯ ಮಾತು ನನ್ನ ಕಿವಿಯಲ್ಲಿ ಇಲ್ಲ.

ಮುಳುಗಡೆಯಾದ ಮನೆತನದವರು ಯಾರಾದರೂ ಅಜ್ಜಿ ಬರುವ 14 ಪುಟ ಓದಿ ತಿದ್ದಿಕೊಡುತ್ತೀರಾ? ಸುಮ್ನೆ ಹೊಗಳುವುದು ಬೇಡ, ತಪ್ಪಿದ್ದಲ್ಲಿ ಗೆರೆ ಎಳೆಯಿರಿ ಸಾಕು. ಸ್ವಂತ ಖರ್ಚಿನಲ್ಲೇ ಅಚ್ಚು ಹಾಕಿಸುತ್ತಿದ್ದೇನೆ. ದೀಪಾವಳಿ ಹೊತ್ತಿಗೆ ಪ್ರೆಸ್‌ಗೆ ಕೊಡಬೇಕು. ಕಾಮೆಂಟ್‌ನಲ್ಲಿ ತಿಳಿಸಿದರೆ ಪಿಡಿಎಫ್ ಕಳಿಸುತ್ತೇನೆ.