ಆಶ್ ಪಾಂಡ್ ನೀರು: ಕಣ್ಣಿಗೆ ಕನ್ನಡಿ ಥರ ಕ್ಲಿಯರ್ ಇದೆ, ಆದ್ರೆ ಆರ್ಸೆನಿಕ್ ಇಳೀತಾನೇ ಇಲ್ಲ

ಪೀಣ್ಯ_ಪಂಪು:
ಎಲ್ರಿಗೂ ನಮಸ್ಕಾರ. ತಲೆ ಕೆಟ್ಟೋಗಿದೆ, ಅದಕ್ಕೇ ಇಲ್ಲಿ ಕೇಳ್ತಿದೀನಿ. ನಮ್ದು ಪೀಣ್ಯ ಎರಡನೇ ಹಂತದಲ್ಲಿ ಪುಟ್ಟ ಫ್ಯಾಬ್ರಿಕೇಷನ್ ಶೆಡ್ಡು, ಪ್ಯಾಕೇಜ್ ಟ್ರೀಟ್‌ಮೆಂಟ್ ಪ್ಲಾಂಟ್ ಮಾಡಿ ಸೈಟಿಗೆ ಕಳಿಸ್ತೀವಿ. ಇಷ್ಟು ದಿನ ಬರೀ ಅಪಾರ್ಟ್‌ಮೆಂಟ್ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಗಾರ್ಮೆಂಟ್ಸ್ ವಾಷಿಂಗ್ ನೀರು ಇಂಥವೇ. ಈ ಸಲ ಉತ್ತರ ಕರ್ನಾಟಕದ ಕಡೆ ಒಂದು ಕಲ್ಲಿದ್ದಲು ಸ್ಥಾವರದ ಹಳೇ ಬೂದಿ ಹೊಂಡ ಖಾಲಿ ಮಾಡೋ ಕೆಲಸ, ಅದರಲ್ಲಿ ನೀರಿನ ಭಾಗ ಮಾತ್ರ ನಮಗೆ ಸಿಕ್ತು (ಯಾವ್ದು ಅಂತ ಕೇಳ್ಬೇಡಿ). ಬೂದಿ ಅಗೆದು ಲಾರಿಗೆ ತುಂಬೋರು ಬೇರೆ, ಅದು ಅಗೆಯೋಕೆ ಬರೋ ಹಾಗೆ ನೀರು ಎಳೆದು, ಕ್ಲೀನ್ ಮಾಡಿ, ಹಳ್ಳಕ್ಕೆ ಬಿಡೋದು ನಾವು.

ಸೆಟಪ್ಪು: ಪಂಪು, ಆಮೇಲೆ ಫೆರಿಕ್ ಕ್ಲೋರೈಡ್ (ಕೊಳೆ ಗಸಿಯಾಗಿ ಕೂರಿಸೋ ಕಬ್ಬಿಣದ ಲವಣ) 40 ಪಿಪಿಎಂ, ಪಾಲಿಮರ್ (ಸಣ್ಣ ಕಣ ಒಟ್ಟುಗೂಡಿಸೋ ಅಂಟು), ಟ್ಯೂಬ್ ಸೆಟ್ಲರ್ (ಗಸಿ ಕೆಳಗೆ ಕೂರೋ ಟ್ಯಾಂಕು), ಮರಳು ಫಿಲ್ಟರ್. ಮೊದಲ ಎರಡು ತಿಂಗಳು ಆರಾಮಾಗಿ ನಡೀತು, ಟಿಎಸ್‌ಎಸ್ (ನೀರಲ್ಲಿ ತೇಲೋ ಕಣ) ಲೀಟರಿಗೆ 30 ಮಿಲಿಗ್ರಾಂ ಆಸುಪಾಸು, ಲಿಮಿಟ್ಟು 100. ಹೋದ ತಿಂಗಳಿಂದ ಶನಿ ಹೆಗಲೇರಿದೆ. ನೀರೇನೋ ಕುಡಿಯೋ ನೀರಿನ ಥರ ಕಾಣುತ್ತೆ, ಆದ್ರೆ ಲ್ಯಾಬ್ ರಿಪೋರ್ಟಲ್ಲಿ ಆರ್ಸೆನಿಕ್ ಒಳಗೆ ಬರುವಾಗ ಲೀಟರಿಗೆ 0.31 ಮಿಲಿಗ್ರಾಂ, ಹೊರಗೆ ಹೋಗುವಾಗ 0.27. ನಮ್ ಕನ್ಸೆಂಟಲ್ಲಿ (ಮಾಲಿನ್ಯ ಮಂಡಳಿ ಕೊಡೋ ಅನುಮತಿ) ಇರೋ ಲಿಮಿಟ್ಟು 0.2. ಫೆರಿಕ್ 70ಕ್ಕೆ ಏರಿಸ್ದೆ, ಪಾಲಿಮರ್ ಡಬಲ್ ಮಾಡ್ದೆ, ಏನೂ ಪ್ರಯೋಜನ ಇಲ್ಲ. ಮೇಲಿಂದ ಫಿಲ್ಟರ್ ಎರಡೆರಡು ಗಂಟೆಗೆ ಬ್ಲಾಕು, ಬ್ಯಾಕ್‌ವಾಷ್ ಮಾಡಿ ಮಾಡಿ ಹುಡುಗರು ಸುಸ್ತು. ಈಗ ಡಿಸ್ಚಾರ್ಜ್ ನಿಲ್ಸಿದೀನಿ, ನೀರು ಹೊಂಡಕ್ಕೇ ವಾಪಸ್. ಮಳೆ ಶುರುವಾದ್ರೆ ಕಥೆ ಮುಗೀತು.

ವೈಟ್‌ಫೀಲ್ಡ್_ಎಸ್‌ಟಿಪಿ:
ಗುರು, ಫಿಲ್ಟರ್ ಬ್ಲಾಕ್ ಆಗೋದು ನಿನ್ ಪಾಲಿಮರ್ ಡಬಲ್ ಮಾಡಿದ್ರಿಂದಾನೇ. ಹೆಚ್ಚಾದ ಪಾಲಿಮರ್ ಸೆಟ್ಲರ್ ದಾಟಿ ಬಂದು ಮರಳಿಗೆ ಗೋಂದಿನ ಥರ ಅಂಟ್ಕೊಳ್ಳುತ್ತೆ, ಮೇಲಿನ ಮರಳು ಕೈಗೆ ತಗೊಂಡು ನೋಡು, ಉಂಡೆ ಉಂಡೆ ಇರುತ್ತೆ. ಮೊದಲು ಹಳೇ ಡೋಸಿಗೆ ಬಾ. ಆರ್ಸೆನಿಕ್ ನಂಗೊತ್ತಿಲ್ಲ, ನಮ್ ಅಪಾರ್ಟ್‌ಮೆಂಟಲ್ಲಿ ಅದೊಂದು ಬಿಟ್ಟು ಬಾಕಿ ಎಲ್ಲಾ ಬರುತ್ತೆ.

ಜಾರ್‌ಟೆಸ್ಟ್_ಜಯಮ್ಮ:
ಮೂರು ಪ್ರಶ್ನೆ. ಹೋದ ತಿಂಗಳು ಸೈಟಲ್ಲಿ ಏನು ಬದಲಾಯ್ತು? ಪಂಪಿನ ಸಕ್ಷನ್ (ನೀರು ಎಳೆಯೋ ಬಾಯಿ) ಈಗ ಎಲ್ಲಿದೆ? ಲ್ಯಾಬಿಗೆ ಕೊಟ್ಟ ಸ್ಯಾಂಪಲ್ ಫಿಲ್ಟರ್ ಮಾಡಿದ್ದಾ, ಹಾಗೇ ಕೊಟ್ಟಿದ್ದಾ? ಇದು ಹೇಳದೆ ಡೋಸ್ ಏರಿಸೋದು, ಇಳಿಸೋದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ಪೀಣ್ಯ_ಪಂಪು:
ಮೇಡಂ, ಮೊದಲು ಹೊಂಡದ ಮೇಲೆ ನಿಂತಿದ್ದ ನೀರು ಎಳೀತಿದ್ವಿ. ಅದು ಖಾಲಿ ಆದ್ಮೇಲೆ ಬೂದಿಯೊಳಗೇ ಕಾಲುವೆ ಥರ ಟ್ರೆಂಚ್ ಹೊಡೆದು, ಅದರ ತುದೀಲಿ ಗುಂಡಿ ತೆಗೆದು, ಬೂದಿಯಿಂದ ಜಿನುಗಿ ಬರೋ ನೀರು ಎಳೀತಿದೀವಿ. ಪಂಪು ಅದೇ, ಪೈಪು ಅದೇ. ಸ್ಯಾಂಪಲ್ ಹಾಗೂ ಕೊಟ್ಟಿದೀವಿ, 0.45 ಮೈಕ್ರಾನ್ ಫಿಲ್ಟರ್ ಮಾಡೀನೂ ಕೊಟ್ಟಿದೀವಿ, ಎರಡರಲ್ಲೂ ನಂಬರ್ ಹತ್ರ ಹತ್ರ ಒಂದೇ.

ಜಾರ್‌ಟೆಸ್ಟ್_ಜಯಮ್ಮ:
ಅಲ್ಲೇ ಇದೆ ಉತ್ತರ. ಪೈಪು ಅದೇ ಇರಬಹುದು, ನೀರು ಅದಲ್ಲ. ಮೇಲೆ ನಿಂತ ನೀರು ಬಿಸಿಲು, ಗಾಳಿ, ಮಳೆ ಎಲ್ಲಾ ಕಂಡಿರೋದು. ಬೂದಿ ಕಣಗಳ ಸಂದೀಲಿ ವರ್ಷಗಟ್ಟಲೆ ಕೂತಿರೋ ನೀರಿಗೆ ಗಾಳಿ ಸಿಕ್ಕಿಲ್ಲ, ಬೂದೀಲಿರೋ ಆರ್ಸೆನಿಕ್, ಸೆಲೆನಿಯಂ, ಬೋರಾನ್ ಎಲ್ಲಾ ಅಲ್ಲಿ ನಿಧಾನಕ್ಕೆ ನೀರಿಗೆ ಇಳಿದಿರುತ್ತೆ. ಫಿಲ್ಟರ್ ಮಾಡಿದ್ರೂ ನಂಬರ್ ಬದಲಾಗ್ತಿಲ್ಲ ಅಂದ್ರೆ ಆರ್ಸೆನಿಕ್ ಕಣದ ಜೊತೆ ಬರ್ತಿಲ್ಲ, ನೀರಲ್ಲಿ ಕರಗೇ ಬರ್ತಿದೆ, ಹಾಗಾಗಿ ಪಾಲಿಮರ್ ಎಷ್ಟು ಸುರಿದ್ರೂ ಅಷ್ಟೇ.

ಈಗ ಆರ್ಸೆನಿಕ್ ವಿಷಯ. ನೀರಲ್ಲಿ ಅದು ಎರಡು ವೇಷದಲ್ಲಿರುತ್ತೆ. ಗಾಳಿ ಕಂಡಿರೋದು ಆರ್ಸೆನೇಟ್, ಅದಕ್ಕೆ ಋಣ ಚಾರ್ಜ್ ಇರುತ್ತೆ, ಫೆರಿಕ್ ಗಸಿಗೆ ಅಂಟ್ಕೊಂಡು ಕೆಳಗೆ ಕೂರುತ್ತೆ. ಗಾಳಿ ಕಾಣದೇ ಇರೋದು ಆರ್ಸೆನೈಟ್, ಪಿಹೆಚ್ 9 ದಾಟೋವರೆಗೂ ಅದಕ್ಕೆ ಚಾರ್ಜೇ ಇಲ್ಲ, ಫೆರಿಕ್ ಮಧ್ಯದಿಂದ ಮದುವೆ ಮನೇಲಿ ಕರೀದೇ ಬಂದೋನ ಥರ ಊಟ ಮಾಡಿ ಹೊರಗೆ ಹೋಗ್ಬಿಡುತ್ತೆ. ನಿಮ್ದು ಬಹುಶಃ ಎರಡನೇದು. ಮನೇಲೇ ಆಗೋ ಟೆಸ್ಟು: ಗುಂಡಿಯಿಂದ ಒಂದು ಬಕೆಟ್ ತಾಜಾ ನೀರು ತಗೊಂಡು ನೆರಳಲ್ಲಿಡಿ. ಮೊದಲು ತಿಳಿಯಾಗಿದ್ದು ಒಂದೆರಡು ಗಂಟೇಲಿ ಟೀ ಬಣ್ಣಕ್ಕೆ ತಿರುಗಿದ್ರೆ ಅದರಲ್ಲಿ ಫೆರಸ್ ಕಬ್ಬಿಣ (ನೀರಲ್ಲಿ ಕರಗಿರೋ ಕಬ್ಬಿಣ) ಇದೆ ಅಂತ, ಅಂದ್ರೆ ಗಾಳಿ ಕಾಣದ ನೀರೇ. ಆಮೇಲೆ ಜಾರ್ ಟೆಸ್ಟ್, ಅಂದ್ರೆ ಪ್ಲಾಂಟಲ್ಲಿ ಮಾಡೋದನ್ನೇ ಸಣ್ಣ ಜಾರಲ್ಲಿ ಮಾಡಿ ಹೋಲಿಸೋದು. ಜಾರ್ ಒಂದಕ್ಕೆ ಬರೀ ಫೆರಿಕ್. ಜಾರ್ ಎರಡಕ್ಕೆ ಮೊದಲು ಹೈಪೋ (ಕ್ಲೋರಿನ್ ಇರೋ ಬ್ಲೀಚ್ ದ್ರವ, ಆರ್ಸೆನೈಟನ್ನ ಆರ್ಸೆನೇಟ್ ಮಾಡುತ್ತೆ), ಹತ್ತು ನಿಮಿಷ ಬಿಟ್ಟು ಫ್ರೀ ಕ್ಲೋರಿನ್ (ಯಾವುದಕ್ಕೂ ಸೇರದೇ ಉಳಿದ ಕ್ಲೋರಿನ್) ಉಳಿದಿದೆಯಾ ನೋಡಿ, ಉಳಿದಿದ್ರೆ ಮಾತ್ರ ಅದೇ ಡೋಸ್ ಫೆರಿಕ್. ಎರಡರಲ್ಲೂ ಪಿಹೆಚ್ 7ರ ಹತ್ರ ಇರ್ಲಿ.

ಹೈಪೋ ಎಷ್ಟು ಅಂತ ಲೆಕ್ಕ ಹಾಕಿ ಹೇಳಲ್ಲ. 1 ಮಿಲಿಗ್ರಾಂ ಆರ್ಸೆನಿಕ್‌ಗೆ ಪುಸ್ತಕದ ಪ್ರಕಾರ ಹೆಚ್ಚುಕಮ್ಮಿ 1 ಮಿಲಿಗ್ರಾಂ ಕ್ಲೋರಿನ್ ಸಾಕು, ಆದ್ರೆ ಅದಕ್ಕಿಂತ ಮುಂಚೆ ಕಬ್ಬಿಣ ತಿನ್ನುತ್ತೆ, ಅಮೋನಿಯಾ ಇದ್ರೆ ಅದೂ ತಿನ್ನುತ್ತೆ. ಕೆಲವು ಸ್ಥಾವರದಲ್ಲಿ ಇಎಸ್‌ಪಿ (ಹೊಗೆಯಿಂದ ಬೂದಿ ಹಿಡಿಯೋ ಯಂತ್ರ) ಚೆನ್ನಾಗಿ ಧೂಳು ಹಿಡೀಲಿ ಅಂತ ಹೊಗೆಗೆ ಅಮೋನಿಯಾ ಬಿಡ್ತಾರೆ, ಅದು ಬೂದಿ ಜೊತೆ ಹೊಂಡಕ್ಕೆ ಬರುತ್ತೆ. ಕ್ಲೋರಿನ್ ಹೋಗಿ ಅಮೋನಿಯಾ ಜೊತೆ ಸೇರ್ಕೊಂಡ್ರೆ ಆರ್ಸೆನಿಕ್ ಮೇಲೆ ಅದರ ಕೆಲಸ ತೀರಾ ನಿಧಾನ. ಅದಕ್ಕೇ ಟೋಟಲ್ ಅಲ್ಲ, ಫ್ರೀ ಕ್ಲೋರಿನ್ ಕಿಟ್ಟಲ್ಲಿ ನೋಡಿ.

ಕುಡಿತಿನಿ_ಕಡೆಯವ:
ನಾನು ಬಳ್ಳಾರಿ ಕಡೆಯವ್ನು, ಈಗ ವಿಜಯನಗರದಾಗ ಇರೋದು. ನೀರಿನ ಕೆಮಿಸ್ಟ್ರಿ ಅಕ್ಕಾವ್ರು ಹೇಳ್ಯಾರ, ನಾ ಬಂಡಿನ (ಹೊಂಡದ ಸುತ್ತಲಿನ ಏರಿ) ಬಗ್ಗೆ ಒಂದ್ ಮಾತು ಹೇಳ್ತೀನ್ರಿ. ಮಳಿ ಬರ್ತೈತಿ ಅಂತ ಹೆದರಿ ಪಂಪ್ ಜೋರ್ ಮಾಡಬ್ಯಾಡ್ರಿ. ಹೊಂಡದಾಗಿನ ನೀರಿನ ಮಟ್ಟ ದಿನಕ್ಕ ಒಂದು ಅಡಿಗಿಂತ ಜಾಸ್ತಿ ಇಳಸಬಾರ್ದು ಅಂತ ಭಾಳ ಕಡೆ ರೂಲ್ ಇಡ್ತಾರ, ಯಾಕಂದ್ರ ಹೊಂಡದ ನೀರು ಗಡಾನ ಇಳೀತದ, ಬಂಡಿನ ಹೊಟ್ಟ್ಯಾಗಿನ ನೀರು ಇಳಿಯೂದಿಲ್ಲ, ಒಳಗಿನ ಒತ್ತಡಕ್ಕ ಇಳಿಜಾರು ಜಾರ್ತೈತಿ. ಪೀಜೋಮೀಟರ್ (ಬಂಡಿನೊಳಗಿನ ನೀರಿನ ಒತ್ತಡ ತೋರ್ಸೋ ಕೊಳವಿ) ಓದಿ ಪಂಪ್ ಹಚ್ಚ್ರಿ. ಬೂದಿ ಮ್ಯಾಲೆ ನೋಡಿದ್ರ ರವಾ ಹಾಸಿದಂಗ ಒಣಗಿರ್ತೈತಿ, ಎರಡಡಿ ಕೆಳಗ ಗಂಜಿ. ಹಿಟಾಚಿ ಅಲುಗಾಡಿದ್ರ ಸಾಕು, ಗಟ್ಟಿ ಇದ್ದದ್ದು ನೀರಾಗಿ ಹೋಗ್ತೈತಿ. ಅಮೆರಿಕದ ಕಿಂಗ್‌ಸ್ಟನ್‌ದಾಗ 2008ರ ಡಿಸೆಂಬರ್ 22ಕ್ಕ ಬಂಡ್ ಒಡದು ಸುಮಾರು 41 ಲಕ್ಷ ಘನ ಮೀಟರ್ ಬೂದಿ ಹರೀತು. ಅಲ್ಲೀತನ ಯಾಕ, ನಮ್ಮ ದೇಶದಾಗ ಮಧ್ಯಪ್ರದೇಶದ ಸಿಂಗ್ರೌಲಿ ಹತ್ರ ಸಾಸನ್ ಸ್ಥಾವರದಾಗ 2020ರ ಏಪ್ರಿಲ್‌ದಾಗ ಬಂಡ್ ಒಡದು ಜನ ಕೊಚ್ಚಿಕೊಂಡು ಹೋದ್ರು.

ವೈಟ್‌ಫೀಲ್ಡ್_ಎಸ್‌ಟಿಪಿ:
ಒಂದ್ ಡೌಟು, ಇಷ್ಟೆಲ್ಲಾ ತಲೆನೋವು ಯಾಕೆ? ನೀರು ಸ್ಥಾವರಕ್ಕೇ ವಾಪಸ್ ಕೊಟ್ರೆ ಬೂದಿ ಕಲಸೋಕೆ ಅವರೇ ಬಳಸ್ಕೊಳ್ಳಲ್ವಾ?

ಪೀಣ್ಯ_ಪಂಪು:
ಅದು ಬೆಸ್ಟ್ ದಾರೀನೇ ಬ್ರೋ. ಆದ್ರೆ ಈ ಹಳೇ ಹೊಂಡದಿಂದ ನೀರು ವಾಪಸ್ ಒಯ್ಯೋ ರಿಸರ್ಕ್ಯುಲೇಷನ್ ಲೈನ್ ಯಾವಾಗ್ಲೋ ಕಿತ್ತು ಗುಜರಿಗೆ ಹಾಕಿದಾರೆ. ಕೇಂದ್ರ ಪರಿಸರ ಸಚಿವಾಲಯದ 2021ರ ಡಿಸೆಂಬರ್ ನೋಟಿಫಿಕೇಷನ್ ಬಂದ್ಮೇಲೆ ಹಳೇ ಬೂದೀನೂ ಹತ್ತು ವರ್ಷದೊಳಗೆ ಬಳಸಿ ಮುಗಿಸ್ಬೇಕು ಅಂತ ಆಯ್ತಲ್ಲ, ಅದಕ್ಕೇ ಈ ಮರೆತುಹೋದ ಹೊಂಡಗಳೆಲ್ಲಾ ಈಗ ನೆನಪಾಗ್ತಿರೋದು. ಪೈಪ್‌ಲೈನ್ ಮತ್ತೆ ಹಾಕೋಕೆ ಕೊಟೇಷನ್ ಕೊಟ್ಟಿದೀನಿ, ಫೈಲು ಓಡಾಡ್ತಿದೆ.

ಪೀಣ್ಯ_ಪಂಪು:
(ಎಂಟು ದಿನ ಆದ್ಮೇಲೆ) ಜಯಮ್ಮ ಮೇಡಂ, ನಿಮ್ಮ ಕಾಲಿಗೆ ಬಿದ್ದೆ. ಬಕೆಟ್ ನೀರು ಮಧ್ಯಾಹ್ನ ಊಟ ಮುಗಿಸಿ ಬರೋಷ್ಟರಲ್ಲಿ ಡಿಕಾಕ್ಷನ್ನು. ಜಾರ್ ಒಂದರಲ್ಲಿ ಆರ್ಸೆನಿಕ್ 0.26, ಹೈಪೋ ಹಾಕಿದ ಜಾರಲ್ಲಿ 0.04. ಲ್ಯಾಬ್‌ನೋರು ಫೋನ್ ಮಾಡಿ ಬಾಟ್ಲಿ ಅದಲುಬದಲಾಗಿದ್ಯಾ ಅಂತ ಕೇಳಿದ್ರು. ಪಾಲಿಮರ್ ಹಳೇ ಡೋಸಿಗೆ ತಂದೆ, ಫಿಲ್ಟರ್ ಈಗ ಇಡೀ ಶಿಫ್ಟ್ ಓಡುತ್ತೆ. ಗುಂಡಿಗೆ ತೂತಿನ ಡ್ರಮ್ ಇಳಿಸಿ ಬರೀ ಜಿಯೋ ಬಟ್ಟೆ ಸುತ್ತಿದ್ವಿ, ಎರಡೇ ದಿನದಲ್ಲಿ ಬೂದಿ ಕೂತು ಬಂದ್. ಈಗ ಡ್ರಮ್ ಸುತ್ತ ಜಲ್ಲಿ, ಅದರಾಚೆ ಒಂದಡಿ ಎಂ-ಸ್ಯಾಂಡ್ ತುಂಬಿದೀನಿ, ಬರೋ ನೀರೇ ಅರ್ಧ ಕ್ಲೀನ್. ಕುಡಿತಿನಿ ಸರ್, ಪೀಜೋಮೀಟರ್ ಇತ್ತು, ಮೂರರಲ್ಲಿ ಎರಡು ಮಣ್ಣು ತುಂಬಿ ಸತ್ತಿದ್ವು, ಹೊಸದು ಹಾಕಿಸ್ತಿದಾರೆ.

ನಾಳೆ ಹೈಪೋ ಡೋಸಿಂಗ್ ಪಂಪು ಫಿಟ್ ಮಾಡ್ತೀವಿ. ಫೆರಿಕ್ ಟ್ಯಾಂಕ್ ಪಕ್ಕ, ಅದೇ ಕಟ್ಟೆಯೊಳಗೆ (ಲೀಕ್ ಆದ್ರೆ ತಡೆಯೋ ಗೋಡೆ) ಜಾಗ ಇದೆ, ಅಲ್ಲೇ ಇಡ್ಲಾ?

ಜಾರ್‌ಟೆಸ್ಟ್_ಜಯಮ್ಮ:
ಅಯ್ಯೋ ಬೇಡ ಬೇಡ! ಫೆರಿಕ್ ಕ್ಲೋರೈಡ್ ಅಂದ್ರೆ ಆಸಿಡ್ಡೇ. ಎರಡೂ ಲೀಕ್ ಆಗಿ ಒಂದೇ ಕಟ್ಟೇಲಿ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ, ಹುಡುಗರು ಓಡೋಕೂ ಟೈಮ್ ಇರಲ್ಲ. ಹೈಪೋಗೆ ಬೇರೆ ಕಟ್ಟೆ, ಬೇರೆ ಡ್ರೈನು, ಬೇರೆ ಮಗ್ಗು. ಪೈಪಲ್ಲೂ ಹೈಪೋ ಮೊದಲು, ಚೆನ್ನಾಗಿ ದೂರ ಬಿಟ್ಟು ಫೆರಿಕ್. ಮೇಲೆ ಶೀಟ್ ಹಾಕ್ಸಿ, ಆ ಕಡೆ ಬಿಸಿಲಿಗೆ ಹೈಪೋ ಶಕ್ತಿ ಬೇಗ ಇಳಿಯುತ್ತೆ, ತಿಂಗಳಿಗಾಗುವಷ್ಟು ತುಂಬಿಡ್ಬೇಡಿ. ಹಳ್ಳಕ್ಕೆ ಬಿಡೋ ಮುಂಚೆ ಉಳಿದ ಕ್ಲೋರಿನ್‌ನ ಬೈಸಲ್ಫೈಟ್ (ಕ್ಲೋರಿನ್ ತೆಗೆಯೋ ಲವಣ) ಹಾಕಿ ಕೊಲ್ಲಿ, ಇಲ್ಲಾಂದ್ರೆ ಮೀನು ಸಾಯುತ್ತೆ. ಇನ್ನೊಂದು, ಸೆಲೆನಿಯಂ ರಿಪೋರ್ಟ್ ತೆಗೆಸಿದೀರಾ? ಅದು ಸೆಲೆನೇಟ್ ರೂಪದಲ್ಲಿದ್ರೆ ಫೆರಿಕ್‌ಗೆ ಬಗ್ಗಲ್ಲ, ಬೋರಾನ್ ಅಂತೂ ಈ ಸೆಟಪ್ಪಲ್ಲಿ ಏನೂ ಹೋಗಲ್ಲ.

ಪೀಣ್ಯ_ಪಂಪು:
ಸದ್ಯ ಕೇಳಿದ್ದು ಒಳ್ಳೇದಾಯ್ತು, ಮೇಸ್ತ್ರಿಗೆ ಈಗ್ಲೇ ಫೋನ್ ಮಾಡ್ದೆ, ಬೇರೆ ಕಟ್ಟೆ ಕಟ್ತಾನೆ. ಸೆಲೆನಿಯಂ ತೆಗೆಸಿಲ್ಲ ಮೇಡಂ, ಸೋಮವಾರದ ಸ್ಯಾಂಪಲ್ ಜೊತೆ ಕಳಿಸ್ತೀನಿ. ರಿಪೋರ್ಟ್ ಬಂದ ತಕ್ಷಣ ಇಲ್ಲೇ ಹಾಕ್ತೀನಿ.